ಉತ್ತರ ಗೊತ್ತಿದ್ದರೆ ಕೇಳುವಂತಿಲ್ಲ

ದೇವರು ಯಾರನ್ನಾದರೂ ತನ್ನ ಸೇವೆಗೆ ಕರೆಯಲಿ, ನನ್ನ ತಕರಾರಿಲ್ಲ. ಆದರೆ ಹೊತ್ತುಗೊತ್ತು ಬೇಡವೇ? ದೊಡ್ಡ ಹೋಟೆಲೊಂದು ತನ್ನ ಅಷ್ಟೂ ಬೆಡ್‌ಶೀಟು ಒಗೆಯುವ ಕೆಲಸವನ್ನು ನಮ್ಮ ಲಾಂಡ್ರಿಗೆ ಕೊಟ್ಟ ವಾರವೇ ನನ್ನ ಗಂಡನನ್ನು ಕರೆಯಬೇಕಿತ್ತೇ? ಇವರು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, "ನೋಡೇ, ನಾನು ಪಾಸ್ಟರ್ ಆಗೋಕೆ ಓದ್ಬೇಕು ಅನ್ನಿಸ್ತಿದೆ. ದೇವರು ಕರೀತಿದ್ದಾನೆ," ಅಂದರು.

"ಕರೀಲಿ. ಮೊದಲು ಈ ಮೂಟೆ ಮುಗಿಸಿ," ಅಂದೆ.

ತಮಾಷೆಯಲ್ಲ ಅಂತ ಆಮೇಲೆ ಗೊತ್ತಾಯಿತು. ಓದು ಅಂದರೆ ಬೇರೆ ಊರು, ಹಾಸ್ಟೆಲು, ಮೂರು ವರ್ಷ. ಇವರಿಗೋ ಐವತ್ತು ಹತ್ತಿರ. ಅಂಗಡಿಯಲ್ಲಿ ಕೌಂಟರು ನನ್ನದು, ಗಿರಾಕಿಗಳ ಜೊತೆ ಜಗಳವೂ ನನ್ನದು. ಆದರೆ ಕಲೆ ತೆಗೆಯುವ ಕೈ ಇವರದು. ಶಾಯಿಯೋ ತುಕ್ಕೋ ಲಿಪ್‌ಸ್ಟಿಕ್ಕೋ, ಮುಟ್ಟಿದ ಕೂಡಲೇ ಇವರ ಬೆರಳಿಗೆ ಗೊತ್ತಾಗುತ್ತದೆ. ಇವರು ಹೋದರೆ ಅಂಗಡಿಯ ಅರ್ಧ ಜೀವ ಹೋದಂತೆ. ನನ್ನದೆಷ್ಟು ಹೋಗುತ್ತದೆ ಅಂತ ನಾನು ಯಾರಿಗೂ ಹೇಳಲಿಲ್ಲ.

ಬಂದದ್ದು ಕರೆಯೋ ಇಲ್ಲ ಬರೀ ತಿಕ್ಕಲೋ ಅಂತ ತಿಳಿಯಲು ನಮ್ಮ ಸಭೆಯ ಪಾಸ್ಟರಮ್ಮ ಒಂದೊಂದೇ ದಾರಿ ಹೇಳಿಕೊಟ್ಟರು. ಆಕೆ ನನಗಿಂತ ತುಂಬಾ ಚಿಕ್ಕವರು. ಊದಿದರೆ ಹಾರಿಹೋಗುವ ಹಾಗಿದ್ದಾರೆ, ಹಟಕ್ಕೆ ಬಿದ್ದರೆ ಮಾತ್ರ ಹೇಸರಗತ್ತೆ. ಮೊದಲು ಉಪವಾಸ ಅಂದರು. ಇವರು ಹೊಟ್ಟೆ ಖಾಲಿ ಬಿಟ್ಟುಕೊಂಡು, ಮಧ್ಯಾಹ್ನ ತಲೆ ತಿರುಗಿ ಇಸ್ತ್ರಿ ಮೇಜಿನ ಮೇಲೆ ಬಿದ್ದು, ಯಾರದೋ ಮದುವೆಯ ಕೋಟಿಗೆ ಮೂಗಿನ ಅಚ್ಚು ಒತ್ತಿದರು. ಆಮೇಲೆ ಮೌನಪ್ರಾರ್ಥನೆ. ಗಡಗಡ ಅನ್ನುವ ಡ್ರೈಯರಿನ ಪಕ್ಕ ಕಣ್ಣು ಮುಚ್ಚಿ ಕೂತರೆ ಗಿರಾಕಿಗಳು, "ಯಜಮಾನರಿಗೆ ಹುಷಾರಿಲ್ವಾ?" ಅಂತ ಪಿಸುಗುಟ್ಟುತ್ತಿದ್ದರು. ಅದಾದ ಮೇಲೆ ಸಂಜೆಯ ಆತ್ಮಶೋಧನೆ: ಈ ದಿನ ಮನಸ್ಸು ಎಲ್ಲಿ ಹಗುರಾಯಿತು, ಎಲ್ಲಿ ಭಾರವಾಯಿತು ಅಂತ ದೇವರ ಮುಂದೆ ನೆನೆಯುವುದು.

"ಭಾರ ಎಲ್ಲಿ ಅಂತ ನನ್ನನ್ನ ಕೇಳಿ. ಹೋಟೆಲ್ ಮೂಟೆ ಎತ್ತಿದ್ರಲ್ಲ, ಅಲ್ಲಿ," ಅಂದೆ.

ಇವರು ನಕ್ಕರು. ನಗು ಬಂತಲ್ಲ, ಜ್ವರದ ಹಾಗೆ ಇದೂ ಇಳಿಯುತ್ತದೆ ಅಂದುಕೊಂಡೆ. ಎಲ್ಲಿ ಇಳಿಯುತ್ತದೆ!

ಕೊನೆಗೆ ಪಾಸ್ಟರ್ ಓದಿನ ಸೆಮಿನರಿಗೆ ಬರುತ್ತಾರೋ ಇಲ್ಲವೋ ತಿಳಿಸುವ ದಿನ ಹತ್ತಿರ ಬಂತು. ಅದರ ಹಿಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರಮ್ಮ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲೇ ಒಂದು ಕೂಟ ಇಟ್ಟರು. ಒಗೆದ ಬಟ್ಟೆಯ ಗಂಟುಗಳ ನಡುವೆ ಜಾಗ ಮಾಡಿಕೊಂಡು ಇವರು, ನಾನು, ನಮ್ಮತ್ತೆ, ಲಿಫ್ಟ್ ರಿಪೇರಿ ಮಾಡುವ ನನ್ನಣ್ಣ, ಎಲ್ಲರೂ ದುಂಡಗೆ ಕೂತೆವು.

"ಇಲ್ಲಿ ಯಾರೂ ಬುದ್ಧಿ ಹೇಳೋ ಹಾಗಿಲ್ಲ," ಪಾಸ್ಟರಮ್ಮ ಶುರು ಮಾಡಿದರು. "ಪ್ರಶ್ನೆ ಮಾತ್ರ ಕೇಳಬೇಕು. ಅದೂ ಉತ್ತರ ನಿಮಗೆ ನಿಜವಾಗ್ಲೂ ಗೊತ್ತಿರಬಾರದು. ಗೊತ್ತಿದ್ರೆ ಕೇಳೋ ಹಾಗಿಲ್ಲ. ಹೀಗೆ ಕೇಳ್ತಾ ಕೇಳ್ತಾ ಅವರ ದಾರಿ ಅವರಿಗೇ ಕಾಣುತ್ತೆ."

ನಮ್ಮ ಮನೆಯವರಿಗೆ ಬುದ್ಧಿ ಹೇಳಬೇಡಿ ಅನ್ನುವುದೂ ಒಂದೇ, ಮೀನಿಗೆ ಈಜಬೇಡ ಅನ್ನುವುದೂ ಒಂದೇ. ಅದು ಗೊತ್ತಿದ್ದೇ ಪಾಸ್ಟರಮ್ಮ ನಮ್ಮ ಕೌಂಟರಿನ ಮೇಲಿನ ಗಂಟೆಯನ್ನು ತಂದು ತೊಡೆಯ ಮೇಲಿಟ್ಟುಕೊಂಡಿದ್ದರು. ನಿಯಮ ಮುರಿದರೆ ಟಿಣ್!

ಅಣ್ಣ ಗಂಟಲು ಸರಿಮಾಡಿಕೊಂಡ. "ಭಾವಾ, ಕೈಗೆ ಬಂದ ತುತ್ತನ್ನ ಬುದ್ಧಿ ಇರೋನು ಯಾವನಾದ್ರೂ ನೆಲಕ್ಕೆ ಹಾಕ್ತಾನಾ?"

ಟಿಣ್!

"ಪ್ರಶ್ನೇನೇ ಅಲ್ವಾ ಕೇಳಿದ್ದು?"

"ಬುದ್ಧಿಗೆ ಪ್ರಶ್ನೆ ವೇಷ ಹಾಕಿದ್ದೀರಿ," ಅಂದರು ಪಾಸ್ಟರಮ್ಮ.

ಅತ್ತೆ ಮುಂದೆ ಬಾಗಿದರು. "ಅಲ್ಲ ಕಣೋ, ನಿನ್ನ ಬನಿಯನ್ ಎಲ್ಲಿದೆ ಅಂತ ಇವತ್ತಿಗೂ ಹೆಂಡ್ತೀನ ಕೇಳ್ತೀಯ. ದಾರಿ ತಪ್ಪಿದ ಕುರಿಗಳನ್ನ ಹುಡುಕ್ತೀಯಾ ನೀನು?"

ಟಿಣ್!

"ಅಯ್ಯೋ, ನನಗೆ ಉತ್ತರ ನಿಜವಾಗ್ಲೂ ಗೊತ್ತಿಲ್ಲಮ್ಮ!" ಅಂತ ಅತ್ತೆ ಗೋಳಾಡಿದರು.

ನನ್ನ ಸರದಿ. "ಏನ್ರೀ, ನೀವು ಹೋದ್ಮೇಲೆ ಆ ಹೋಟೆಲ್ ಶೀಟುಗಳನ್ನ ದೇವದೂತರು ಇಳಿದು ಬಂದು ಒಗೀತಾರಾ?"

ಟಿಣ್! "ಅಕ್ಕಾ, ಉತ್ತರ ನಿಮಗೆ ಗೊತ್ತಿದೆ."

"ಗೊತ್ತಿದೆ. ಒಗೆಯಲ್ಲ. ರೆಕ್ಕೆ ನೆನೆಯುತ್ತೆ," ಅಂದೆ.

ಹೀಗೇ ನಡೆಯಿತು. ಗಂಟೆ ಬಾರಿಸಿ ಬಾರಿಸಿ ಪಾಸ್ಟರಮ್ಮನ ಬೆರಳು ಸೋತಿರಬೇಕು. ಇವರು ಮಾತ್ರ ಕೈಕಟ್ಟಿ ಸುಮ್ಮನೆ ಕೂತಿದ್ದರು. ನನಗೆ ಒಳಗೊಳಗೇ ಖುಷಿ. ಈ ಕೂಟ ನಗೆಪಾಟಲಾದರೆ ಕರೆಯೂ ನಗೆಪಾಟಲಾಗುತ್ತದೆ, ನಾಳೆ ಎಂದಿನಂತೆ ಷಟರು ಎತ್ತುತ್ತೇವೆ ಅಂತ ಲೆಕ್ಕ ಹಾಕಿದ್ದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಈ ಮನುಷ್ಯನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ ಮಣ್ಣು?

ಕೆಡಿಸಿದ್ದು ಅತ್ತೆ. ಬೈಗುಳದ ದಾಸ್ತಾನು ಮುಗಿದಿತ್ತೋ ಏನೋ, ಮಗನನ್ನು ಕಣ್ಣರಳಿಸಿ ನೋಡುತ್ತಾ, "ಅದ್ಸರಿ, ಕರೆದಿದ್ದು ಹೇಗೋ? ಕಿವಿಗೆ ಕೇಳಿಸ್ತಾ?" ಅಂತ ಕೇಳಿದರು.

ಪಾಸ್ಟರಮ್ಮ ಗಂಟೆ ಬಾರಿಸಲಿಲ್ಲ. ಇವರು ಕಟ್ಟಿದ ಕೈ ಬಿಚ್ಚಿದರು.

"ಕಿವಿಗಲ್ಲಮ್ಮ. ಕೋಟಿನ ಗುಂಡಿ ಕಳೆದ್ರಿ ಅಂತ ಒಬ್ಬರು ಜಗಳಕ್ಕೆ ಬಂದಿದ್ರಲ್ಲ, ಅಲ್ಲಿಂದ ಶುರುವಾಯ್ತು."

ನನಗೆ ಆ ಆಸಾಮಿ ಚೆನ್ನಾಗಿ ನೆನಪಿದ್ದ. ಒಂದು ಗುಂಡಿಗಾಗಿ ಅಂಗಡಿ ಹಾರಿಹೋಗುವ ಹಾಗೆ ಕಿರುಚಿದವನು. ಡಬ್ಬಿ ತುಂಬ ಗುಂಡಿ ಇದೆ, ಬೇಕಾದ್ದು ಆರಿಸಿಕೊಂಡು ಜಾಗ ಖಾಲಿ ಮಾಡಿ ಅಂತ ನಾನೂ ಸರಿಯಾಗಿ ಕೊಟ್ಟಿದ್ದೆ.

"ಅವರು ಹೊರಟ್ಮೇಲೆ ನಾನು ಹಿಂದೆ ಹೋದೆ," ಇವರು ಹೇಳಿದರು. "ಬಸ್‌ಸ್ಟಾಪಲ್ಲಿ ಕೂತು ಅಳ್ತಿದ್ರು. ಆ ಗುಂಡಿ ಅವರ ಹೆಂಡತಿ ಆಸ್ಪತ್ರೆ ಮಂಚದ ಮೇಲೆ ಕೂತು ಹೊಲಿದಿದ್ದಂತೆ. ಅದೇ ಕೊನೆ ಸಲ ಆಕೆ ಸೂಜಿ ಹಿಡಿದಿದ್ದು. ನಾನು ವಾಪಸ್ ಬಂದು ಮಿಷಿನ್ನಿನ ಜಾಲರಿ ಎಲ್ಲ ಬಿಚ್ಚಿ ಹುಡುಕಿದೆ. ಸಿಗಲಿಲ್ಲ. ಸಿಗಲಿಲ್ಲ ಅಂತ ಹೇಳೋಕೆ ಅವರ ಮನೆಗೆ ಹೋದೆ. ಕೂತ್ಕೊಳ್ಳಿ ಅಂದ್ರು, ಕೂತೆ. ಅವರು ಹೆಂಡತಿ ವಿಷಯ ಮಾತಾಡಿದ್ರು. ಹೊರಡೋ ಮುಂಚೆ ಪ್ರಾರ್ಥನೆ ಮಾಡ್ತೀರಾ ಅಂತ ಕೇಳಿದ್ರು. ನನಗೆಲ್ಲಿ ಬರುತ್ತೆ? ಆದ್ರೂ ಮಾಡಿದೆ. ಮುಂದಿನ ಬುಧವಾರವೂ ಹೋದೆ. ಆಮೇಲೆ ಅವರ ಪಕ್ಕದ ಮನೆ ಅಜ್ಜಿ ಕರೆದ್ರು. ಹೀಗೇ ಮನೆಯಿಂದ ಮನೆಗೆ."

"ಬುಧವಾರ?" ನನ್ನ ದನಿ ನನಗೇ ಗೊತ್ತಿಲ್ಲದೆ ಏರಿತು. "ಸೋಪಿನ ಸ್ಟಾಕ್ ತರೋಕಲ್ವಾ ನೀವು ಬುಧವಾರ ಹೋಗ್ತಿದ್ದಿದ್ದು?"

ಪಾಸ್ಟರಮ್ಮನ ಕೈ ಗಂಟೆಯ ಹತ್ತಿರ ಹೋಗಿ ಹಾಗೇ ನಿಂತಿತು. ಯಾಕೆಂದರೆ ಉತ್ತರ ನನಗೆ ಗೊತ್ತಿರಲಿಲ್ಲ.

"ಸೋಪೂ ತರ್ತಿದ್ದೆ," ಅಂದರು ಇವರು, ತಲೆ ತಗ್ಗಿಸಿ.

ಅಣ್ಣ ಕಿಸಕ್ಕನೆ ನಕ್ಕು, ನನ್ನ ಮುಖ ನೋಡಿ ನಗು ನುಂಗಿದ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಒಂದೇ ಸೂರಿನಡಿ ಇದ್ದು, ಈ ಮನುಷ್ಯ ನನ್ನ ಕಣ್ಣಿಗೆ ಮಣ್ಣೆರಚಿ ಹೋಗುತ್ತಿದ್ದದ್ದು ಎಲ್ಲಿಗೆ? ಅಳುವವರ ಮನೆಗೆ! ಬೇರೆ ಹೆಂಗಸಿನ ಮನೆಗೆ ಹೋಗಿದ್ದರೆ ಅವಳ ಜುಟ್ಟು ಹಿಡಿದು ಬೀದಿಗೆಳೆಯುತ್ತಿದ್ದೆ. ದೇವರ ಜುಟ್ಟು ಎಲ್ಲಿ ಸಿಗುತ್ತದೆ ಹಿಡಿಯಲು?

"ನನಗ್ಯಾಕೆ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ತಮಾಷೆ ಮಾಡ್ತಿದ್ದೆ. ನೀನು ತಮಾಷೆ ಮಾಡಿದ್ರೆ ನಾನೂ ನಕ್ಕುಬಿಡ್ತಿದ್ದೆ. ನಕ್ಕಮೇಲೆ ಅದು ಉಳೀತಿರಲಿಲ್ಲ."

ಸುಳ್ಳೇನೂ ಅಲ್ಲ. ನನ್ನ ಹೊಟ್ಟೆಯಲ್ಲಿ ಒಂದು ಪ್ರಶ್ನೆ ಎದ್ದು ಕೂತಿತ್ತು. ಅದರ ಉತ್ತರ ನನಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ. ಆದರೂ ಕೇಳಿದೆ.

"ಆ ಮನೆಗಳಲ್ಲಿ ಕೂತಿರುವಾಗ ನಾನು ನೆನಪಾಗ್ತಿದ್ನಾ?"

ಹೌದು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? ಸುಳ್ಳಾದರೂ ಅನ್ನಬಹುದಿತ್ತು. ಅತ್ತೆ ಕೂಡ, ಹೂಂ ಅನ್ನೋ, ಅಂತ ಕಣ್ಣಲ್ಲೇ ಸನ್ನೆ ಮಾಡಿದರು.

"ಇಲ್ಲ," ಅಂದರು ಇವರು. "ನೀನೂ ನೆನಪಾಗ್ತಿರಲಿಲ್ಲ, ಅಂಗಡೀನೂ ನೆನಪಾಗ್ತಿರಲಿಲ್ಲ. ನನಗೆ ನಾನೂ ನೆನಪಿರ್ತಿರಲಿಲ್ಲ. ಎದುರಿಗೆ ಕೂತೋರು ಮಾತ್ರ ಇರ್ತಿದ್ರು. ಅಲ್ಲಿಂದ ಎದ್ದು ಬಸ್ ಹತ್ತಿದ ತಕ್ಷಣ ನೀನು ನೆನಪಾಗ್ತಿದ್ದೆ. ಆಗ ಭಯ ಆಗ್ತಿತ್ತು."

"ಯಾಕೆ ಭಯ?"

"ಇದನ್ನೂ ಬಿಡೋಕಾಗಲ್ಲ, ನಿನ್ನನ್ನೂ ಬಿಡೋಕಾಗಲ್ಲ ಅಂತ."

ಪಾಸ್ಟರಮ್ಮ ಮೆಲ್ಲಗೆ, "ಈಗ ನಿಮಗೆ ಏನು ಕಾಣ್ತಿದೆ, ಹೇಳಿ," ಅಂದರು.

"ಅವಳು ಬೇಡ ಅಂದ್ರೆ ನಾನು ಹೋಗಲ್ಲ," ಅಂದರು ಇವರು. "ಮುನಿಸಿಕೊಂಡು ಹೇಳ್ತಿಲ್ಲ. ಮತ್ತೆ ಈ ಮಾತು ಎತ್ತೋದೂ ಇಲ್ಲ."

ಎಲ್ಲರೂ ನನ್ನತ್ತ ತಿರುಗಿದರು. ಅಲ್ಲಿಗೆ ನಾನು ಗೆದ್ದಿದ್ದೆ. ಬೇಡ ಅಂತ ಒಂದೇ ಒಂದು ಮಾತು ಸಾಕಿತ್ತು. ಗಂಡ, ಅಂಗಡಿ, ಹೋಟೆಲು, ಎಲ್ಲ ನನ್ನ ಸೆರಗಿನ ಗಂಟಿನಲ್ಲಿ. ಇವರು ಮಾತಿಗೆ ತಪ್ಪುವವರಲ್ಲ. ನಾಳೆ ಎದ್ದು ಶೀಟುಗಳ ಕಲೆ ತೆಗೆಯುತ್ತಾರೆ, ನನ್ನ ತಮಾಷೆಗೆಲ್ಲ ನಗುತ್ತಾರೆ, ಬುಧವಾರ ಸೋಪು ಮಾತ್ರ ತರುತ್ತಾರೆ. ಆ ಬುಧವಾರಗಳನ್ನು ನೆನೆಸಿಕೊಂಡೆ. ಹಾಗೆ ಉಳಿದ ಗಂಡನ ಎದುರು ದಿನಾ ಊಟಕ್ಕೆ ಕೂರುವುದನ್ನೂ ನೆನೆಸಿಕೊಂಡೆ. ನನಗೆ ಅಷ್ಟು ಧೈರ್ಯ ಇಲ್ಲ ಅಂತ ಗೊತ್ತಾಯಿತು. ಹಾಳಾದ್ದು, ಇವರನ್ನು ಕಂಡರೆ ನನಗೆ ಅಷ್ಟು ಪ್ರೀತಿ.

ಹೋಗಿ ಅನ್ನಲು ಬಾಯಿ ತೆರೆದೆ. ಆದರೆ, "ಹೊರಡೋದು ಯಾವತ್ತು?" ಅಂತ ಕೇಳಿದೆ.

ಇವರು ನನ್ನ ಮುಖವನ್ನೇ ನೋಡಿದರು. ಕೇಳಿದ್ದು ನಿಜವಾದ ಪ್ರಶ್ನೆಯೇ ಅಂತ ಖಾತ್ರಿ ಮಾಡಿಕೊಂಡ ಮೇಲೆ, "ಬರೋ ತಿಂಗಳು," ಅಂದರು. ಆಮೇಲೆ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

"ಬರೋ ತಿಂಗಳಾ! ಇಷ್ಟು ಬೇಗ ಹೊಸ ಆಳು ಎಲ್ಲಿ ಹುಟ್ಟಿ ಬರ್ತಾನೆ?" ಅಂತ ಬೈಯತೊಡಗಿದೆ. "ಇರೋ ಇಷ್ಟು ದಿನದಲ್ಲಿ ತುಕ್ಕಿನ ಕಲೆ ತೆಗೆಯೋದು ಹೇಗೆ ಅಂತ ನನಗೆ ಹೇಳಿಕೊಟ್ಟು ಹೋಗಿ, ಬರೀ ದೇವರು ದೇವರು ಅಂತ ಕೂರಬೇಡಿ!" ಬೈಯುತ್ತಾ ಬೈಯುತ್ತಾ ನನಗೂ ಅಳು ಬಂತು, ಬೈಗುಳ ಮಾತ್ರ ನಿಲ್ಲಲಿಲ್ಲ.