ಮಗ್ಗದ ಕಂಬದ ಮೇಲೆ ಮೂವತ್ತಮೂರು ಗೀಟು

2021ರ ಜುಲೈ 14, ಬುಧವಾರ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ವಿಠೋಬಾನ ಮನೆಯ ಕಂಪ್ಯೂಟರಿನಲ್ಲಿ ನೆಟ್ ಕಡಿದದ್ದು ಮೂವತ್ತಮೂರು ಸಲ. ವಿಠೋಬಾ ಬೆಟಗೇರಿಯ ನೇಕಾರ. ಎಳೆ ಎಣಿಸಿಯೇ ಬಾಳಿದವನು. ಕಡಿದಾಗಲೊಮ್ಮೆ ಮಗ್ಗದ ಕಂಬದ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದಿದ್ದ, ತಾಸಿಗೊಂದು ಸಾಲು.

ಎರಡು ಗಂಟೆಗೆ ಮಗಳು ಅಂಕಿತಾ ಅದೇ ಕಂಪ್ಯೂಟರಿನಲ್ಲಿ ಬಟ್ಟೆ ವಿನ್ಯಾಸದ ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯಬೇಕಿತ್ತು. ಸಂಪರ್ಕ ಮೂರನೆಯ ಸಲ ಕಡಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಮತ್ತೆ ಬರೆಯಲು ವರ್ಷ ಕಾಯಬೇಕು.

ತಪ್ಪು ಯಾರದೆಂದು ವಿಠೋಬಾ ಆಗಲೇ ತೀರ್ಮಾನಿಸಿದ್ದ. ಪಕ್ಕದ ಬುಡ್ಡೇಸಾಬ ಎಂಟು ದಿನದ ಹಿಂದೆ ಹೊಸ ವೆಲ್ಡಿಂಗ್ ಯಂತ್ರ ತಂದಿದ್ದ. ನೆಟ್ ಕೆಟ್ಟದ್ದೂ ಅಂದಿನಿಂದಲೇ. ಬೆಳಿಗ್ಗೆ ಹತ್ತಕ್ಕೆ ವಿಠೋಬಾ ಹೋಗಿ, ಓಣಿಯ ಮಂದಿಯೆಲ್ಲ ಕೇಳುವಂತೆ "ಕಳವಿನ ಕರೆಂಟಿನ್ಯಾಗ ವೆಲ್ಡಿಂಗ್ ಹೊಡೀತಿ!" ಎಂದು ಕೂಗಿ, ಅವನ ಅಂಗಡಿಯ ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಂಡು ಬಂದಿದ್ದ. ಬುಡ್ಡೇಸಾಬ ಅಂಕಿತಾಳ ಪರೀಕ್ಷೆಯನ್ನು ನೆನೆದು ಸುಮ್ಮನಾಗಿದ್ದ.

ಒಂದಕ್ಕೆ ಬುಡ್ಡೇಸಾಬನ ಮಗಳು ನಜಮಾ ಬಂದಳು. ಗದಗಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವಳು, ಕರೆದದ್ದು ಅಂಕಿತಾ. ಬಂದವಳೇ ಕಂಬ ನೋಡಿದಳು.

"ಕಾಕಾ, ಮ್ಯಾಲಿನ ಸಾಲು ಯಾವ ತಾಸಿಂದು?"

"ಒಂಬತ್ತರದು. ಹನ್ನೊಂದು ಸಲ. ಹತ್ತಕ್ಕ ನಿಮ್ಮಪ್ಪನ ಫ್ಯೂಜ ತಗದೆ."

"ತಗದ ಮ್ಯಾಲಿನ ತಾಸಿಂದು?"

ವಿಠೋಬಾ ಎಣಿಸಿದ. "ಹನ್ನೊಂದು."

"ಹನ್ನೊಂದರಾಗ ಹನ್ನೊಂದು ಕಳೀರಿ. ನಮ್ಮಪ್ಪನ ಹೆಸರಿಗೆ ಏನು ಉಳೀತು?"

"ಹನ್ನೊಂದು ಗಂಟೆ ಮ್ಯಾಲ ಒಂದು ತಾಸು ಒಂದೂ ಗೀಟಿಲ್ಲ, ಅದನ್ನ ನೋಡು!"

"ಹನ್ನೆರಡರ ಸಾಲಿನ್ಯಾಗ ಮತ್ತ ಹನ್ನೊಂದು ಗೀಟು ಅದಾವಲ್ರೀ. ಫ್ಯೂಜು ನಿಮ್ಮ ಕಿಸೆದಾಗ ಕುಂತು ವೆಲ್ಡಿಂಗ್ ಹೊಡೀತೇನು?"

ಅಂಕಿತಾಳಿಗೆ ನಗು ಬಂತು. ಗಡಿಯಾರ ನೋಡಿ ನುಂಗಿಕೊಂಡಳು. ವಿಠೋಬಾನ ಹೆಂಡತಿ ಸಾವಂತ್ರೆವ್ವ ಅಡುಗೆಮನೆಯಿಂದಲೇ ಹೇಳಿದಳು: "ಹನ್ನೊಂದಕ್ಕ ಆ ಕರಿ ಡಬ್ಬಿ ಬಿಚ್ಚಿ ಒರಸಾಕ ತಗೊಂಡಿದ್ನಿ. ರೊಟ್ಟಿ ಮುಗಿಸಿ ಹನ್ನೆರಡಕ್ಕ ಹಚ್ಚೀನಿ."

ಕರಿ ಡಬ್ಬಿಯೆಂದರೆ ಹಾರ್ಡ್ ಡಿಸ್ಕು. ತನ್ನ ಅಪ್ಪನ ಕಾಲದ ಇನ್ನೂರ ಹನ್ನೆರಡು ಸೀರೆಯಂಚುಗಳ ಚಿತ್ರ ಕೂಡಿಡಲೆಂದು ವಿಠೋಬಾ ತಂದಿದ್ದ. ತಂದು ಎಂಟು ದಿನ.

ನಜಮಾ ಮಂಡಿಯೂರಿದಳು. ಮಗ್ಗದ ನೂಲಧೂಳು ಕೂರಬಾರದೆಂದು ವಿಠೋಬಾ ಪರದೆಯನ್ನು ಹೊರಗಿಟ್ಟು ಉಳಿದ ಕಂಪ್ಯೂಟರಿಗೆ ಬಾಗಿಲಿರುವ ತಗಡಿನ ಪೆಟ್ಟಿಗೆ ಮಾಡಿಸಿದ್ದ. ಒಳಗೆ ಉಗುರಿನಷ್ಟು ಚಿಕ್ಕ ವೈಫೈ ಅಡಾಪ್ಟರು, ಅದಕ್ಕೆ ತಾಗಿಯೇ ಡಿಸ್ಕಿನ ವೈರು.

"ಈ ಡಿಸ್ಕು ಓಡುವಾಗ ಗದ್ದಲ ಮಾಡ್ತೈತಿ ಕಾಕಾ. ನಮ್ಮ ಕಿವಿಗೆ ಕೇಳಂಗಿಲ್ಲ, ಅಡಾಪ್ಟರಿಗೆ ಕೇಳ್ತೈತಿ. ಆ ಗದ್ದಲದಾಗ ಮಾಳಿಗಿ ಮ್ಯಾಲಿನ ರೌಟರಿನ ಮಾತು ಅದಕ್ಕ ತಿಳಿಯಂಗಿಲ್ಲ. ತಗಡೂ ಆ ಮಾತಿಗೆ ಅಡ್ಡ. ದಿನದ ಕೆಲಸಕ್ಕ ನಡೀತಿತ್ತು, ಕ್ಯಾಮೆರಾ ಹಚ್ಚಿ ಬರಿಯೋ ಪರೀಕ್ಷಾಕ್ಕ ನಡೆಯಂಗಿಲ್ಲ." ಡಿಸ್ಕನ್ನು ಬಿಚ್ಚಿ ಅವನ ಕೈಗಿತ್ತಳು. "ಪೆಟ್ಟಿಗಿ ಬಾಗಲಾ ಮುಚ್ಚಬ್ಯಾಡ್ರಿ."

ಎರಡಕ್ಕೆ ಪರೀಕ್ಷೆ ಶುರುವಾಯಿತು. ನಜಮಾ ಹೊಸ್ತಿಲ ಹೊರಗೆ ಕೂತಳು. ವಿಠೋಬಾ ಕ್ಯಾಮೆರಾಕ್ಕೆ ಕಾಣದಂತೆ ಪೆಟ್ಟಿಗೆಯ ಬದಿಯಲ್ಲಿ, ಸೀಮೆಸುಣ್ಣ ಹಿಡಿದು. ಎರಡೂವರೆಯವರೆಗೆ ಗೀಟಿಲ್ಲ. ಆಮೇಲೆ ಗಾಳಿ ಬೀಸಿ ಮಗ್ಗದ ಕೆಳಗಿನ ಧೂಳು ಎದ್ದಿತು. ಹನ್ನೆರಡು ವರ್ಷ ಧೂಳೆದ್ದಾಗಲೆಲ್ಲ ಮಾಡಿದ ಕೆಲಸವನ್ನೇ ವಿಠೋಬಾನ ಕೈ ತನ್ನಷ್ಟಕ್ಕೆ ಮಾಡಿತು. ಪೆಟ್ಟಿಗೆಯ ಬಾಗಿಲು ಮುಚ್ಚಿತು.

ಪರದೆ ನಿಂತುಹೋಯಿತು. ಒಂದು ಗೀಟು. ಸಂಪರ್ಕ ಬಂತು, ನಾಲ್ಕು ನಿಮಿಷಕ್ಕೆ ಮತ್ತೆ ಹೋಯಿತು. ಎರಡು. ಪರೀಕ್ಷೆಯ ಕ್ಯಾಮೆರಾದ ಮುಂದೆ ಅಂಕಿತಾ ಬಾಯಿ ಬಿಡುವಂತಿರಲಿಲ್ಲ. ಕಾಲ ಹೆಬ್ಬೆರಳಿನಿಂದ ನೆಲ ಒತ್ತಿ ಹಿಡಿದಳು. ಅಡಾಪ್ಟರನ್ನು ಕಿತ್ತು ಬೇರೆಡೆ ಹಾಕುವಂತಿಲ್ಲ, ಕಿತ್ತರೆ ಅದೇ ಮೂರನೆಯದು. ವಿಠೋಬಾ ನಜಮಾಳತ್ತ ನೋಡಿದ. ಅವಳು ಮಾತಾಡದೆ ಎರಡು ಅಂಗೈ ಜೋಡಿಸಿ, ಮೆಲ್ಲಗೆ ಬಿಡಿಸಿ ತೋರಿಸಿದಳು.

ಅವನಿಗೆ ಆಗ ತನ್ನ ಕೈ ಮಾಡಿದ ಕೆಲಸ ತಿಳಿಯಿತು. ಮೆಲ್ಲಗೆ ಬಾಗಿಲು ತೆರೆದ. ಪರದೆಯ ಮೇಲೆ ಪ್ರಶ್ನೆ ಮರಳಿತು. ನಾಲ್ಕು ಹೊಡೆಯುವವರೆಗೆ ಆ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡೇ ಕೂತಿದ್ದ. ಮೂರನೆಯ ಗೀಟು ಬೀಳಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಹೋಗಿ ಫ್ಯೂಜನ್ನು ಬುಡ್ಡೇಸಾಬನ ಕೈಗಿಟ್ಟ.

"ಫ್ಯೂಜು ಬಂತು, ಆತು," ಎಂದ ಬುಡ್ಡೇಸಾಬ. "ಕಳವಿನ ಕರೆಂಟು ಅಂದಿದ್ದು, ವಿಠೋಬಣ್ಣಾ? ಓಣಿ ಮಂದಿ ಎಲ್ಲಾ ಕೇಳ್ಯಾರ."

ವಿಠೋಬಾ ಓಣಿ ನೋಡಿದ. ಒಂದು ಆಟೋ ನಿಂತಿತ್ತು, ಮಂದಿ ಇರಲಿಲ್ಲ.

"ನಾಳಿ ಮುಂಜಾನೆ. ಎಲ್ಲಾರೂ ಇದ್ದಾಗ."

"ಹತ್ತಕ್ಕ?"

"ಹತ್ತಕ್ಕ."

ಮನೆಗೆ ಬಂದು ಕಂಬದ ಮೂವತ್ತೈದು ಗೀಟುಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿದ. ಆಮೇಲೆ ಹೊಸದಾಗಿ ಒಂದು ಎಳೆದ. ಅದು ಓಣಿಯ ಮಂದಿಯೆದುರು ಬುಡ್ಡೇಸಾಬನಿಗೆ ಹೇಳಬೇಕಾದ, ತಪ್ಪಾಯಿತೆಂಬ ಮಾತಿನದು.