ಮರಳಿನ ಏರಿ

ಅಡಯಾರ್ ನದಿ ಸಮುದ್ರ ಸೇರುವ ಕಡೆ, ಬರೀ ಮರಳಿನ ಮೇಲೆ, ಪ್ಲೋವರ್ ಹಕ್ಕಿಯೊಂದು ಮೂರು ಮೊಟ್ಟೆ ಇಟ್ಟಿತ್ತು. ಗೂಡೆಂದರೆ ಅಂಗೈಯಷ್ಟು ತಗ್ಗು, ಒಂದಿಷ್ಟು ಚಿಪ್ಪಿನ ಚೂರು. ನನ್ನ ಮಗಳು ಅಕ್ಷಯಾ ಕಾಲೇಜು ಮುಗಿಸಿ ದಿನವೂ ಅದನ್ನು ದೂರದಿಂದ ನೋಡಿ ಬರುತ್ತಿದ್ದಳು. ಹುಣ್ಣಿಮೆಯ ಉಬ್ಬರ ಅಲ್ಲಿಯವರೆಗೂ ಬರಬಹುದೆಂದು ನನಗೆ ಬೆಳಗಿನಿಂದ ಅನ್ನಿಸುತ್ತಲೇ ಇತ್ತು. ಮಧ್ಯಾಹ್ನ ಮೈಲಾಪೂರಿನ ಬ್ಯಾಂಕಿನಿಂದಲೇ ಅವಳಿಗೆ ಫೋನ್ ಮಾಡಿದೆ. ಮೊಟ್ಟೆ ಮುಟ್ಟಬೇಡ, ಸುತ್ತ ಸಣ್ಣದೊಂದು ಏರಿ ಮಾಡಿ ಬೇಗ ಹಿಂದೆ ಸರಿ ಎಂದೆ. ಆಗಲಿ ಎಂದಳು.

ಕೆಲಸ ಮುಗಿಸಿ ಆಟೋದಲ್ಲಿ ಹೋದೆ. ಗೂಡಿನ ಸುತ್ತ ಅವಳು ಒಂದು ಗೇಣು ಆಳದ ಕಾಲುವೆ ತೋಡಿದ್ದಳು. ತೆಗೆದ ಮರಳು ಹಕ್ಕಿಗೆ ಅಡ್ಡವಾದೀತೆಂದು ಅದನ್ನೂ ದೂರ ಹರಡಿಬಿಟ್ಟಿದ್ದಳು.

“ಏನೇ ಇದು?”

“ಏರಿ. ಏರಿನ್ನಾ ತಣ್ಣಿ ನಿಲ್ಲೋದು ತಾನೇಮ್ಮಾ?”

ತಮಿಳಿನಲ್ಲಿ ಏರಿ ಎಂದರೆ ತಣ್ಣಿ, ಅಂದರೆ ನೀರು, ನಿಲ್ಲುವ ಕೆರೆ. ಕೋಲಾರದ ಕಡೆಯ ನಮ್ಮ ಮನೆಮಾತಿನಲ್ಲಿ ಕೆರೆಯ ನೀರು ತಡೆಯುವ ಕಟ್ಟೆ. ಹಾಗೆಂದು ಹೇಳಿದೆ.

“ನಾನು ಹುಟ್ಟಿದ್ದು ಮೈಲಾಪೂರಲ್ಲಿ. ಕೋಲಾರದ ನೀರು ನನಗೇನು ಗೊತ್ತು?” ಎಂದಳು.

ಕಾಲುವೆ ಮುಚ್ಚಿ ಕಟ್ಟೆ ಹಾಕಲು ಹೊತ್ತು ಬೇಕಿತ್ತು. ಹಕ್ಕಿ ಆಗಲೇ ರೆಕ್ಕೆ ಮುರಿದಂತೆ ಎಳೆದುಕೊಂಡು ನಮ್ಮನ್ನು ಗೂಡಿನಿಂದ ದೂರ ಕರೆಯುತ್ತಿತ್ತು. ನಾವಿರುವಷ್ಟು ಹೊತ್ತೂ ಅದು ಕಾವಿಗೆ ಕೂರುವುದಿಲ್ಲ. ಮೀನುಗಾರರ ದೋಣಿಗಳ ಹಿಂದಕ್ಕೆ ಹೋಗಿ ನಿಂತೆವು.

ಮೊದಲ ಅಲೆಗಳು ಕಾಲುವೆಗೆ ಬಿದ್ದು ಅಲ್ಲೇ ಇಂಗಿದವು. ಅಕ್ಷಯಾ ನನ್ನ ಮುಖ ನೋಡಿದಳು. ನೀರು ಹೆಚ್ಚಿದಂತೆ ಒಳಗಿನ ಅಂಚು ಕುಸಿಯತೊಡಗಿತು. ಒಂದು ಮೊಟ್ಟೆ ಜಾರಿತು, ಅದರ ಹಿಂದೆಯೇ ಇನ್ನೊಂದು. ಮತ್ತೆ ಬಂದ ಅಲೆಗಳು ಅಷ್ಟು ದೂರ ಬರಲಿಲ್ಲ.

ಅವಳು ಓಡಲು ಹೊರಟಳು. ಕೈ ಹಿಡಿದೆ.

“ಅಲ್ಲೇ ಇದೆಯಮ್ಮಾ. ಎತ್ತಿ ಇಟ್ಟುಬಿಟ್ಟು ಬಂದ್ಬಿಡ್ತೀನಿ.”

“ನೀನು ಹೋದರೆ ಹಕ್ಕಿ ಬರಲ್ಲ. ಇರೋ ಒಂದೂ ತಣ್ಣಗಾಗುತ್ತೆ.”

ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.

ಹಕ್ಕಿ ಬಂದಿಳಿಯಿತು. ಕಾಲುವೆಯ ಅಂಚಿನಲ್ಲೇ ಓಡಿತು, ನಿಂತಿತು, ಮತ್ತೆ ಓಡಿತು. ನೀರಿನಲ್ಲಿದ್ದವುಗಳ ಹತ್ತಿರ ಹೋಗಲಿಲ್ಲ. ಕೊನೆಗೆ ಕಾಲುವೆ ದಾಟಿ ಗೂಡಿಗೆ ಹಾರಿ, ಎದೆಯ ಗರಿ ಬಿಡಿಸಿ ಉಳಿದ ಮೊಟ್ಟೆಯ ಮೇಲೆ ಕೂತಿತು.

ಆಮೇಲೆ ಅವಳ ಕೈ ಬಿಟ್ಟೆ.