ಎರಡು ಸೀಮೆಯ ಕಾಲುಂಗುರ

ನೀ ಬ್ಯಾಡ ಅಂದ ದಿನ ಬಂಡಿ ಹೂಡಿಕೊಂಡು ಬರ್ತೀನಿ, ಯಾಕ ಅಂತ ಕೇಳೂದಿಲ್ಲ — ಅಪ್ಪ ಹೀಗೆ ಅಂದದ್ದು ನನ್ನ ಮದುವೆಯ ಮರುದಿನ, ಹನ್ನೂರಿನ ನಮ್ಮ ಅಂಗಳದಲ್ಲಿ, ಇದೇ ಬಂಡಿಯ ಎಡಗಾಲಿಗೆ ಎಣ್ಣೆ ಬಿಡುತ್ತ, ನನ್ನ ಮುಖ ನೋಡದೆ, ಆ ಗಾಲಿ ಆಗಲೂ ಕಿರುಗುಟ್ಟುತ್ತಿತ್ತು, ಈಗಲೂ ಕಿರುಗುಟ್ಟುತ್ತಿದೆ, ಹತ್ತು ವರ್ಷ ಎಣ್ಣೆ ಕುಡಿದರೂ ಅದರ ಗೋಳು ತೀರಿಲ್ಲ, ನಾನು ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕುಳಿತಿದ್ದೇನೆ, ಎರಡು ಪಾದಗಳ ನಡುವೆ ಹನ್ನೂರು ಸಣ್ಣದಾಗುತ್ತ ಹೋಗುತ್ತಿದೆ, ಮೊದಲು ಬೇವಿನ ಮರ, ಆಮೇಲೆ ಬರೀ ಧೂಳು, ಧೂಳಿನ ಮೇಲೆ ನನ್ನ ಬೆರಳು, ಬೆರಳಿಗೆ ಬೆಳ್ಳಿಯ ಕಾಲುಂಗುರ. ಸೀಮಿಕಲ್ಲು ಬರುವವರೆಗೆ ಅದು ಇರಬೇಕು. ಕಲ್ಲಿನ ಈಚೆ ಅಕ್ಕಲಕೋಟೆಯ ಸಂಸ್ಥಾನ, ಆಚೆ ಖಾಲಸಾ, ಇಂಗ್ರೇಜಿ ಸರಕಾರದ ನೆಲ, ಸೋಲಾಪುರ, ಈಚೆ ನಾನು ಗಂಡನುಳ್ಳವಳು, ಆಚೆ ಗಂಡ ಬಿಟ್ಟವಳು. ಕಲ್ಲು ದಾಟಿದ ಮೇಲೆ ಉಂಗುರ ತೆಗೆದು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತೇನೆ, ಉಂಗುರ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ದುಂಡಗೆ, ಬೆರಳನ್ನು ಸುತ್ತಿ, ಅದನ್ನು ತೆಗೆಯಲು ಬರುವುದಿಲ್ಲ.

ಸೋಲಾಪುರದಲ್ಲಿ ಗಂಡ ಬಿಟ್ಟದ್ದು ಎಷ್ಟು ಸಲೀಸು, ಅವರ ಸೂತಿನ, ಮಗ್ಗದ ನೂಲಿನ, ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ನಮ್ಮ ಜನದ ಐದು ಮಂದಿ ವ್ಯಾಪಾರಸ್ಥರು ಕುಳಿತಿದ್ದರು, ಚಹಾ ಬಂತು, ಒಬ್ಬರು ಮುಂಬೈಯಲ್ಲಿ ಸೂತಿನ ಧಾರಣಿ ಏನು ಅಂತ ಕೇಳಿದರು, ಇನ್ನೊಬ್ಬರು ಊರಿಗೆ ಲಷ್ಕರ ಬಂದಾಗ ಅಂಗಡಿ ಮುಚ್ಚಿದ ಸುದ್ದಿ ತೆಗೆದರು, ಆ ಮಾತುಗಳ ನಡುವೆಯೇ ಅವರು, ನನ್ನ ಗಂಡ, ಸಂಬಂಧ ಕಡಿದ ಗುರುತಿಗೆ ಜೋಳದ ದಂಟಿನ ಕಡ್ಡಿ ಮುರಿದು ಅರ್ಧ ನನ್ನ ಉಡಿಗೆ ಹಾಕಿದರು, ಸೋಡಚೀಟಿಗೆ, ಬಿಡುಗಡೆಯ ಕಾಗದಕ್ಕೆ, ಹೆಬ್ಬೆಟ್ಟು ಒತ್ತಿದೆ, ಯಾಕೆ ಅಂತ ಯಾರೂ ಕೇಳಲಿಲ್ಲ, ಎರಡನೆಯವಳು ಆಗಲೇ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೊರಗೆ ಬಂಡಿ ನಿಲ್ಲಿಸಿದ್ದ, ಹೇಳಿ ಕಳಿಸಿದ್ದೆ, ಬಂದಿದ್ದ, ಅಷ್ಟೇ, ಅತ್ತೆ ಸಾವಿತ್ರಿಬಾಯಿ ಬಾಗಿಲಿಗೆ ಬಂದು ಬೀಗರ, ಮೊದಲ ಎತ್ತಿಗೆ ನೀರು ಕುಡಿಸ್ರಿ, ನಿಮ್ಮ ಮಗಳೇನು ಓಡಿ ಹೋಗ್ತಾಳ, ನಾವ ಕಳಸಾಕತ್ತೀವಿ ಅಂದರೆ ಅಪ್ಪ ನಿಜವಾಗಿಯೂ ಎತ್ತಿಗೆ ನೀರು ಕುಡಿಸಿದ. ಅವರು, ಅವರು ಎನ್ನುತ್ತಿದ್ದೇನೆ, ಗಂಡನ ಹೆಸರು ಹೇಳಬಾರದು, ಕಲ್ಲಿನ ಆಚೆ ಹೇಳಬಹುದು, ಈಚೆ ಇನ್ನೂ ಇಲ್ಲ, ಮನಸ್ಸಿನಲ್ಲಿಯೂ ಬಾಯಿ ತಡೆಯುತ್ತದೆ.

ಹನ್ನೂರಿಗೆ ಬಂದರೆ ಅವ್ವ ಹೊಸ್ತಿಲಲ್ಲೇ ತಡೆದಳು, ಬೋಳು ಬೆರಳಲೆ ಒಳಗ ಬರಬ್ಯಾಡ, ಉಂಗುರ ಹಾಕ್ಕೋ, ಇಲ್ಲಿ ನಿನ್ನ ಇನ್ನೂ ಬಿಡಿಸಿಲ್ಲ. ಊರಿನ ಹಿರಿಯರು ಸೋಲಾಪುರದ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟಿದ್ದರು, ಅಕ್ಕಲಕೋಟೆಯ ಕಚೇರಿಯ ಕಾರಕೂನ ಇದು ನಿಮ್ಮ ಜಾತಿಯ ಮಾತು, ನಿಮ್ಮ ಊರಾಗ ಕೇಳ್ರಿ ಅಂದಿದ್ದ. ಕಟ್ಟಿಕೊಂಡ ಹೆಣ್ಣು ತವರಲ್ಲಿ ಎಷ್ಟು ದಿನ ಕೂಡ್ರಬೇಕು, ಹಾಗಾಗಿ ತಿರುಗಿ ಸೋಲಾಪುರ, ಅಪ್ಪನ ತಂಗಿ ಗಿರಿಜತ್ತಿಯ ಮನೆ, ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುವ ಕೆಲಸ, ಬೆಳಗಿನಿಂದ ರಾಟೆ, ನೂಲು ಬೆರಳು ಕೊಯ್ಯುತ್ತದೆ, ಗಿರಿಜತ್ತಿ ಉಂಗುರ ತೆಗಿಯವ್ವಾ, ಮಂದಿ ಏನಂದಾರು ಅನ್ನುತ್ತಾಳೆ, ಪಕ್ಕದ ರಾಟೆಯ ಸೋನಾಬಾಯಿ ಕೇಳುತ್ತಾಳೆ, ಸಕ್ಕು, ನಿನ್ನ ಗಂಡ ಯಾವ ಊರಾಗ ಬಂಡಿ ಹತ್ತತಾನ, ಯಾವ ಊರಾಗ ಇಳೀತಾನ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ತಮಾಷೆ ಚೆನ್ನಾಗಿಯೇ ಇದೆ.

ಭೀಮಣ್ಣ ನಗಲಿಲ್ಲ. ಕರಜಗಿಯವನು, ಹೆಂಡತಿ ಸತ್ತವನು, ಹೊಲವಿದೆ, ಒಂದಿಷ್ಟು ಕುರಿ, ಸೋಲಾಪುರದ ಸಂತೆಗೆ ಕಂಬಳಿ ತಂದವನು ಗಿರಿಜತ್ತಿಯ ಕಟ್ಟೆಯ ಮೇಲೆ ಕುಳಿತು ನೀರು ಕೇಳಿದ್ದ, ಆಮೇಲೆ ಸಂತೆ ಇಲ್ಲದ ದಿನವೂ ನೀರಡಿಕೆ ಆಗತೊಡಗಿತು ಅವನಿಗೆ. ಒಂದು ದಿನ ಕಂಬಳಿಯ ಎಳೆ ಕೀಳುತ್ತ ಹೇಳಿದ, ನನಗ ಈ ಚೀಟಿ ಸಾಕು ಸಕ್ಕುಬಾಯಿ, ಆದರ ಕರಜಗಿಯೂ ಸಂಸ್ಥಾನದಾಗ ಐತಿ, ನಮ್ಮ ಮಂದಿಗೆ ಹನ್ನೂರಿನ ಮಾತು ಬೇಕು, ಅದೊಂದು ಬರಲಿ, ಸೀರಿ ತಂದು ಉಡಿಕಿ ಮಾಡ್ಕೊಂಡು ಹೋಗ್ತೀನಿ. ಸೀರೆ ಉಡಿಸಿದರೆ ಆಯಿತು, ಎರಡನೆಯ ಮದುವೆಗೆ ಬಾಜಾ ಬೇಡ, ಹಂದರ ಬೇಡ. ಹನ್ನೂರಿನ ಒಂದು ಮಾತು. ಅದಕ್ಕಾಗಿ ಇವತ್ತಿನ ಕೂಟ, ನಮ್ಮದೇ ಅಂಗಳದಲ್ಲಿ, ಮದುವೆಯ ಅಕ್ಕಿ ಬಿದ್ದ ನೆಲದಲ್ಲಿಯೇ ಕೂಡಬೇಕು, ಒಂದು ಸಲ ಮಾತ್ರ ಕೂಡಬೇಕು, ಒಮ್ಮೆ ಎದ್ದ ಮೇಲೆ ಆ ಮಾತಿಗೆ ಮತ್ತೆ ಕೂಡುವುದಿಲ್ಲ.

ಬೆಳಗಿನ ಬಿಸಿಲು ಗೋಡೆ ಇಳಿದಿರಲಿಲ್ಲ, ಹಿರಿಯರು ಕಂಬಳಿಯ ಮೇಲೆ, ನಾನು ಎದುರಿಗೆ, ನಡುವೆ ತಟ್ಟೆಯಲ್ಲಿ ಅರಿಶಿಣ ಹಚ್ಚಿದ ಅಕ್ಕಿ, ಭೀಮಣ್ಣ ಹೊರಗೆ ಕಟ್ಟೆಯ ಮೇಲೆ, ಮೊಣಕಾಲಿನ ಮೇಲೆ ಕೈ, ಬಗಲಲ್ಲಿ ಒಂದು ಗಂಟು, ಅದರೊಳಗೆ ಸೀರೆ ಅಂತ ನನಗೆ ಗೊತ್ತು. ಹಿರಿಯರಲ್ಲಿ ರಾಚಪ್ಪ ರೀತಿ ಹೇಳಿದ, ಗಂಡಿನ ಕೆಲಸ ಸೋಲಾಪುರದಾಗ ಮುಗದೈತಿ, ಅದಕ್ಕ ನಮ್ಮ ತಕರಾರಿಲ್ಲ, ಹೆಣ್ಣಿನ ಬಾಯಿಂದ ಕಾರಣ ಬರಬೇಕು, ಮೊದಲ ಅಕ್ಕಿ ಹಾಕಿದ ಹಿರಿಯ ಕೇಳಬೇಕು — ಯಾಕವ್ವಾ, ಆ ಮನಿ ಬ್ಯಾಡಾತು? ಹೆಣ್ಣು ಹೇಳಬೇಕು, ಅಕ್ಕಿ ಹಿಂದಕ್ಕೆ ತೂರಬೇಕು, ಮುಗೀತು. ನನ್ನ ಮದುವೆಗೆ ಮೊದಲ ಅಕ್ಕಿ ಹಾಕಿದವನು ಅಪ್ಪ. ನನ್ನ ಉತ್ತರ ತಯಾರಿತ್ತು, ರಾಟೆ ತಿರುಗಿಸುತ್ತ ತಿರುಗಿಸುತ್ತ ನುಣುಪಾಗಿತ್ತು, ಅವರು ಹೊಡೆದಿಲ್ಲ, ಕುಡಿದಿಲ್ಲ, ಉಪವಾಸ ಕೆಡವಿಲ್ಲ, ಪ್ಲೇಗಿನ ವರ್ಷ ಊರು ಖಾಲಿ ಮಾಡಿ ಎಲ್ಲರೂ ಮಾಳದ ಗುಡಿಸಲಿಗೆ ಹೊರಟಾಗ ಬಂಡಿ ಒಂದೇ ಸಿಕ್ಕಿತು, ಮಳೆ ಮೋಡ ಇತ್ತು, ನನ್ನ ಕೂಸಿಗೆ ಜ್ವರ ಇತ್ತು, ಮೊದಲನೇ ಖೇಪಿಗೆ ಸೂತ ಹೋಗಲಿ, ನೆನದರ ಕೆಡತೈತಿ, ಮಂದಿ ಎರಡನೇ ಖೇಪಿಗೆ ಬರ್ರಿ ಅಂದರು ಅವರು, ಸೂತಿನ ಗಂಟುಗಳು ಹೋದವು, ಅವರೂ ಹೋದರು, ಬಂಡಿ ತಿರುಗಿ ಬಂದದ್ದು ಮರುದಿನ, ನನ್ನ ಮಡಿಲಲ್ಲಿ ಕೂಸು ತಣ್ಣಗಾಗಿತ್ತು. ಅವರೂ ಅತ್ತರು, ಸುಳ್ಳು ಅಳು ಅಲ್ಲ. ಸೂತ ನೆನೆಯಲಿಲ್ಲ. ಮಳೆಯೇ ಬರಲಿಲ್ಲ ಆ ದಿನ. ಜ್ವರಕ್ಕೆ ಹೋಯಿತು ಅಂತ ಹನ್ನೂರಿಗೆ ಸುದ್ದಿ ಬಂತು, ಅಪ್ಪನಿಗೆ ಗೊತ್ತಿರುವುದು ಅಷ್ಟೇ. ಮೊದಲ ಬಂಡ್ಯಾಗ ಸೂತ ಹೋತು, ನಾ ಉಳದೆ — ಇಷ್ಟೇ ಹೇಳುವುದಿತ್ತು, ಕೇಳಿದರೆ ಸಾಕಿತ್ತು.

ಅಮೃತಪ್ಪ, ಕೇಳು ಅಂದ ರಾಚಪ್ಪ. ಅಪ್ಪ ತಟ್ಟೆಯ ಕಡೆ ನೋಡಿದ, ರುಮಾಲು ಸರಿ ಮಾಡಿಕೊಂಡ, ನಾ ಕೇಳೂದಿಲ್ಲ ಅಂದ, ಮಗಳಿಗೆ ಮಾತು ಕೊಟ್ಟೀನಿ, ಯಾಕ ಅಂತ ಕೇಳೂದಿಲ್ಲಂತ. ನಾನು ತಲೆ ಎತ್ತಿದೆ, ಅವನು ಆ ಮಾತನ್ನು ಮರೆತಿದ್ದಾನೆ ಅಂದುಕೊಂಡಿದ್ದೆ, ಗಾಲಿಗೆ ಎಣ್ಣೆ ಬಿಡುವವರು ಆಡಿದ ಮಾತು ಯಾರು ನೆನಪಿಡುತ್ತಾರೆ. ನೀ ಕೇಳದಿದ್ದರ ಈ ಅಂಗಳದಾಗ ಮತ್ತ ಯಾರೂ ಕೇಳಾಕ ಬರೂದಿಲ್ಲ, ಗೊತ್ತೈತಿಲ್ಲೋ ಅಂದ ರಾಚಪ್ಪ — ಗೊತ್ತೈತಿ ಅಂದ ಅಪ್ಪ. ಕೇಳಪ್ಪಾ, ಕೇಳು, ನಾನು ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿದೆ, ಕೇಳದೆ ಕೂಟದಲ್ಲಿ ಹೆಣ್ಣು ಬಾಯಿ ಬಿಡುವಂತಿಲ್ಲ, ಬಿಟ್ಟರೆ ಅದು ಮಾತಲ್ಲ, ಗದ್ದಲ, ಅವನು ನನ್ನ ಕಡೆ ನೋಡಿದ, ನಾಲ್ಕು ಮಂದಿಯ ಎದುರು ನನ್ನ ಮಾನ ಕಾಯುತ್ತಿರುವವನ ಹಾಗೆ, ಕಣ್ಣಲ್ಲಿ ಒಂದು ನೆಮ್ಮದಿ ಇತ್ತು, ಆ ನೆಮ್ಮದಿಯನ್ನು ನೋಡಿ ನಾನೇ ಕಣ್ಣು ಕೆಳಗೆ ಹಾಕಿದೆ, ಬೆರಳು, ಉಂಗುರ. ರಾಚಪ್ಪ ಏಳುತ್ತ ಕಂಬಳಿ ಕೊಡವಿದ, ನಿನ್ನ ಮಾತೂ ಉಳೀತು ಅಮೃತಪ್ಪ, ಮಗಳ ಉಂಗುರಾನೂ ಉಳೀತು. ಭೀಮಣ್ಣ ಗಂಟನ್ನು ಆ ಬಗಲಿನಿಂದ ಈ ಬಗಲಿಗೆ ಬದಲಿಸಿದ, ಕರಜಗಿಯ ದಾರಿ ಹಿಡಿದ. ಅವ್ವ ಅಕ್ಕಿಯ ಅರಿಶಿಣ ತೊಳೆದು ಮಧ್ಯಾಹ್ನದ ಅನ್ನಕ್ಕೆ ಹಾಕಿದಳು, ಉಂಡೆವು, ಅನ್ನ ಸ್ವಲ್ಪ ಹಳದಿ ಇತ್ತು.

ಈಗ ಹೇಳಬಹುದು, ಅಪ್ಪನ ಬೆನ್ನು ಇಲ್ಲಿಯೇ ಇದೆ, ಕೈ ಚಾಚಿದರೆ ಸಿಗುತ್ತದೆ, ಅಪ್ಪಾ, ಮೊದಲ ಬಂಡ್ಯಾಗ ಸೂತ ಹೋತು ಅಂತ, ಹೇಳಿ ಏನು, ಅಂಗಳ ಹಿಂದೆ ಉಳಿಯಿತು, ಇಲ್ಲಿ ಅವನು ಬರೀ ಬಂಡಿ ಹೊಡೆಯುವವನು, ಮುದುಕ, ರಾತ್ರಿ ನಿದ್ದೆ ಬೇಕು ಅವನಿಗೆ. ಎತ್ತು ನಿಧಾನಿಸಿತು. ಕಲ್ಲು ಬಂತು ಸಕ್ಕು ಅಂದ, ತಿರುಗಿ ನೋಡದೆ, ಆಮೇಲೆ, ನಿನಗ ಕೊಟ್ಟ ಮಾತು ನನಗ ಮರತಿಲ್ಲ ನೋಡು. ಇಲ್ಲಪ್ಪಾ, ಮರತಿಲ್ಲ ಅಂದೆ. ಕಲ್ಲು ಹಿಂದೆ ಸರಿಯಿತು, ಸುಣ್ಣ ಅರ್ಧ ಉದುರಿದೆ. ಶಂಕರೆಪ್ಪ. ಅವರ ಹೆಸರು ಬಂತು, ಬಾಯಿಗೆ ಏನೂ ಆಗಲಿಲ್ಲ. ಪಾದ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡೆ, ಒಂದು ಉಂಗುರ ಎಳೆದೆ, ಇನ್ನೊಂದು ಎಳೆದೆ, ಸೆರಗಿನ ತುದಿಗೆ ಗಂಟು ಹಾಕಿದೆ, ಬೆರಳು ಬೋಳು, ಬೆರಳಿನ ಸುತ್ತ ಬಿಳಿ ಗೆರೆ, ಧೂಳು ಅದರ ಎರಡೂ ಬದಿಗೆ ಕೂತಿದೆ, ಅದರ ಮೇಲೆ ಕೂತಿಲ್ಲ, ಹೆಬ್ಬೆಟ್ಟಿನಿಂದ ತಿಕ್ಕಿದೆ, ಬಿಳಿ ಗೆರೆ, ಉಗುಳು ಹಚ್ಚಿ ತಿಕ್ಕಿದೆ, ಬಿಳಿ ಗೆರೆ. ಯಾಕ ಅಂತ ಅಪ್ಪ ಕೇಳಲಿಲ್ಲ.